ಮೌಂಟನ್ ಹೆಮ್ಲಾಕ್ ಮರ, ಮೌಂಟನ್ ಹೆದರ್ ಪೊದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಅಮೆರಿಕದ ಪಶ್ಚಿಮದ ಪರ್ವತಗಳಲ್ಲಿ, ಕಾಡು ತೆಳುವಾಗುತ್ತಾ ಹೋಗಿ ಬಯಲು ಕಾಣಿಸತೊಡಗುವ ಎತ್ತರದಲ್ಲಿ, ಈ ಎರಡು ಗಿಡಗಳು ಅಕ್ಕಪಕ್ಕದಲ್ಲೇ ಬಾಳುತ್ತವೆ. ಒಂದು ಆಕಾಶಕ್ಕೆ ಕತ್ತೆತ್ತಿ ನೋಡಬೇಕಾದ ಮರ, ಇನ್ನೊಂದು ಮೊಣಕಾಲಿಗೂ ಬಾರದ ಪೊದೆ. ಇವುಗಳಲ್ಲಿ ಹೋಲಿಸುವುದಕ್ಕೆ ಏನಿದೆ ಅನ್ನಿಸಬಹುದು. ಆದರೆ ಎರಡರ ಎಲೆಯೂ ಸೂಜಿಯಂತಿದೆ, ಎರಡೂ ವರ್ಷವಿಡೀ ಹಸಿರಾಗಿರುತ್ತವೆ, ಎರಡಕ್ಕೂ ವರ್ಷದ ಹೆಚ್ಚು ದಿನ ಹಿಮದ ಜೊತೆಗೇ ಸಂಸಾರ. ಆ ಹಿಮವನ್ನು ಒಂದು ನಿಂತು ತಾಳಿಕೊಳ್ಳುತ್ತದೆ, ಇನ್ನೊಂದು ಅದರಡಿ ಮಲಗಿ ಕಳೆಯುತ್ತದೆ. ಇವೆರಡರ ಬಗ್ಗೆ ಯಾರು ಏನೇ ಕೇಳಿದರೂ ನನ್ನ ಉತ್ತರ ಸುತ್ತಿ ಬಳಸಿ ಬಂದು ನಿಲ್ಲುವುದು ಈ ಹಿಮದ ಬಳಿಯೇ.

ಇಲ್ಲಿ ಹೋಲಿಸುತ್ತಿರುವುದು ಯಾವ ಜಾತಿಗಳನ್ನು?

ಮರದ ಕಡೆಯಿಂದ ಮೌಂಟನ್ ಹೆಮ್ಲಾಕ್. ಇದರ ಶಾಸ್ತ್ರೀಯ ಹೆಸರು ಸುಗಾ ಮೆರ್ಟೆನ್ಸಿಯಾನಾ. ಅಲಾಸ್ಕಾದ ಕೆನಾಯ್ ಪರ್ಯಾಯದ್ವೀಪದಿಂದ ಹಿಡಿದು ಬ್ರಿಟಿಷ್ ಕೊಲಂಬಿಯಾ, ವಾಷಿಂಗ್ಟನ್, ಒರೆಗಾನ್ ದಾಟಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾದವರೆಗೆ ಇದರ ಹರವು. ಒಳನಾಡಿನಲ್ಲಿ ಐಡಾಹೋ, ಮೊಂಟಾನಾಗಳಲ್ಲೂ ಇದೆ.

ಪೊದೆಯ ಕಡೆಯಿಂದ ಒಂದಲ್ಲ, ಒಂದು ಪುಟ್ಟ ಬಳಗವೇ ಇದೆ. ಗುಲಾಬಿ ಬಣ್ಣದ ಗಂಟೆ ಹೂವಿನ ಫಿಲೊಡೋಸಿ ಎಂಪೆಟ್ರಿಫಾರ್ಮಿಸ್, ಬಿಳಿ ಗಂಟೆಯ ಕ್ಯಾಸಿಯೋಪಿ ಮೆರ್ಟೆನ್ಸಿಯಾನಾ, ಹಳದಿ-ಹಸಿರು ಹೂಜಿಯಂಥ ಹೂವಿನ ಫಿಲೊಡೋಸಿ ಗ್ಲಾಂಡ್ಯುಲಿಫ್ಲೋರಾ. ಈ ಮೂರನ್ನೂ ಜನ ಮೌಂಟನ್ ಹೆದರ್ ಅಂತಲೇ ಕರೆಯುತ್ತಾರೆ. ಗುಲಾಬಿಯದೂ ಹಳದಿಯದೂ ಸೇರಿ ತಿಳಿಗುಲಾಬಿಯ ಮಿಶ್ರತಳಿಯೂ ಆಗುತ್ತದೆ, ಹಾಗಾಗಿ ಬಣ್ಣ ಎರಡರ ನಡುವೆ ಇದ್ದರೆ ಗಾಬರಿ ಬೇಡ. ಮುಂದಿನ ಉತ್ತರಗಳಲ್ಲಿ ಬರೀ ‘ಹೆದರ್’ ಅಂದಾಗ ಹೆಚ್ಚಾಗಿ ಗುಲಾಬಿ ಹೂವಿನದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಬಿಳಿಯದು ಬಂದಾಗ ಹೆಸರಿಟ್ಟು ಹೇಳುತ್ತೇನೆ.

ಇದು ಸ್ಕಾಟ್ಲೆಂಡಿನ ಬೆಟ್ಟಗಳನ್ನು ನೇರಳೆ ಮಾಡುವ ಹೆದರೇ?

ಅಲ್ಲ. ಅದು ಕಲ್ಲೂನಾ ವಲ್ಗಾರಿಸ್. ಎರಡೂ ಎರಿಕೇಸಿ ಕುಟುಂಬಕ್ಕೆ ಸೇರಿದವು, ಅಂದರೆ ರೋಡೋಡೆಂಡ್ರಾನ್, ಬ್ಲೂಬೆರಿಗಳ ನೆಂಟರು. ಹೆಸರು ಒಂದೇ ಆದರೂ ಕುಲ ಬೇರೆ. ಯುರೋಪಿನಿಂದ ಬಂದವರು ಈ ಪರ್ವತಗಳಲ್ಲಿ ಊರ ಕಡೆಯದರಂತೆ ಕಂಡ ಗಿಡಕ್ಕೆ ಊರ ಕಡೆಯ ಹೆಸರನ್ನೇ ಇಟ್ಟರು.

ಹೆಮ್ಲಾಕ್ ಅಂದರೆ ಸಾಕ್ರೆಟಿಸ್ ಕುಡಿದ ವಿಷವಲ್ಲವೇ?

ಹೆಸರು ಮಾತ್ರ ಅದೇ. ಆ ವಿಷ ಕೋನಿಯಂ ಮ್ಯಾಕ್ಯುಲೇಟಂ ಎಂಬ, ಕ್ಯಾರೆಟ್ ಕುಟುಂಬದ ಮೆದು ಕಾಂಡದ ಗಿಡದ್ದು. ಅದು ಮರವೇ ಅಲ್ಲ. ಹೆಮ್ಲಾಕ್ ಮರದ ಎಲೆ ಹಿಸುಕಿದರೆ ಬರುವ ವಾಸನೆ ಆ ಗಿಡದ ವಾಸನೆಯನ್ನು ನೆನಪಿಸುತ್ತದೆ ಅಂತ ಯಾರಿಗೋ ಅನ್ನಿಸಿ ಹೆಸರು ಅಂಟಿಕೊಂಡಿತು ಎನ್ನುತ್ತಾರೆ. ಸುಗಾ ಎಂಬ ಕುಲದ ಹೆಸರು ಜಪಾನಿ ಭಾಷೆಯದು, ಅಲ್ಲಿಯ ಹೆಮ್ಲಾಕ್‌ಗೆ ಜನ ಕರೆಯುವ ಹೆಸರೇ ಅದು.

ನೆಲಕ್ಕಂಟಿದ ಸೂಜಿ ಎಲೆಯ ಗಿಡ ಕಂಡರೆ ಅದು ಮರದ ಸಸಿಯೋ, ಹೆದರೋ ಎಂದು ಹೇಗೆ ಗುರುತಿಸುವುದು?

ಈ ಬಯಲುಗಳಲ್ಲಿ ಓಡಾಡುವವರು ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು, ಕೇಳಬೇಕಾದ್ದೂ ಹೌದು. ಹೆಮ್ಲಾಕ್ ಸಸಿಗಳು ಮೊಳೆಯುವುದೇ ಬಹಳ ಸಲ ಹೆದರ್ ಪೊದೆಯ ನಡುವೆ. ಎರಡೂ ಒಂದೇ ಎತ್ತರ, ಒಂದೇ ಹಸಿರು. ನಿಂತು ನೋಡಿದರೆ ಬಗೆಹರಿಯುವುದಿಲ್ಲ, ದಾರಿಯ ಅಂಚಿನಲ್ಲಿ ಮಂಡಿಯೂರಬೇಕು.

ಮೊದಲು ಎಲೆಯ ಬೆನ್ನು ನೋಡಿ. ಫಿಲೊಡೋಸಿ ಹೆದರ್‌ನ ಎಲೆ 5ರಿಂದ 15 ಮಿಲಿಮೀಟರ್ ಉದ್ದ, ನೋಡಲು ಸೂಜಿ. ಆದರೆ ತಿರುಗಿಸಿ ನೋಡಿದರೆ ಅದು ನಿಜವಾಗಿ ಸೂಜಿಯಲ್ಲ, ಎರಡೂ ಅಂಚು ಒಳಕ್ಕೆ ಸುರುಳಿಕೊಂಡ ಎಲೆ. ಚಾಪೆಯ ಎರಡು ತುದಿಯನ್ನು ನಡುವಿನವರೆಗೆ ಸುತ್ತಿ ಬಿಟ್ಟಂತೆ, ಮಧ್ಯದಲ್ಲಿ ಒಂದು ಸಣ್ಣ ಕಾಲುವೆ ಉಳಿದಿರುತ್ತದೆ. ಉಸಿರಾಡುವ ಪತ್ರರಂಧ್ರಗಳು ಆ ಕಾಲುವೆಯಲ್ಲಿ ಅಡಗಿರುತ್ತವೆ. ಬೀಸುವ ಗಾಳಿ ನೇರವಾಗಿ ತಾಗದೆ ಎಲೆಯ ತೇವ ಉಳಿಯುವುದು ಹೀಗೆ. ಹೆಮ್ಲಾಕ್‌ನ ಸೂಜಿಗೆ ಈ ಸುರುಳಿ ಇಲ್ಲ. ಮೇಲೂ ಕೆಳಗೂ ಎರಡೂ ಕಡೆ ಪತ್ರರಂಧ್ರಗಳ ಬಿಳಿ ಗೆರೆಗಳಿರುತ್ತವೆ, ಅದಕ್ಕೇ ಮರಕ್ಕೆ ದೂರದಿಂದ ನೀಲಿಛಾಯೆ.

ಎರಡನೆಯದು ಸೂಜಿಗಳ ಜೋಡಣೆ. ಮೌಂಟನ್ ಹೆಮ್ಲಾಕ್‌ನ ಸೂಜಿಗಳು ರೆಂಬೆಯ ಸುತ್ತಲೂ ಎಲ್ಲ ದಿಕ್ಕಿಗೂ ಚಾಚಿಕೊಂಡಿರುತ್ತವೆ. ಗಿಡ್ಡ ರೆಂಬೆಯ ತುದಿಯನ್ನು ನೇರ ಎದುರಿನಿಂದ ನೋಡಿದರೆ ನಕ್ಷತ್ರದ ಹಾಗೆ ಕಾಣುತ್ತದೆ. ಹೆದರ್‌ನ ಎಲೆಗಳೂ ಸುತ್ತಲೂ ಇರುತ್ತವೆ ನಿಜ, ಆದರೆ ಆ ರೆಂಬೆ ಬಾಟಲಿ ತೊಳೆಯುವ ಬ್ರಷ್‌ನಂತೆ ಒತ್ತೊತ್ತಾಗಿ, ನೆಟ್ಟಗೆ ನಿಂತಿರುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಉದುರಿದ ಎಲೆಯ ಜಾಗದಲ್ಲಿ ಮೊಳೆಯಂಥ ಸಣ್ಣ ಗುಬುಟು ಉಳಿದಿದ್ದರೆ ಅದು ಹೆಮ್ಲಾಕ್ ಎಂದು ಕೆಲವರು ಹೇಳಿಕೊಡುತ್ತಾರೆ. ಹೆಮ್ಲಾಕ್‌ಗೆ ಅದು ಇದೆ, ಸರಿಯೇ. ಫಿಲೊಡೋಸಿಗೂ ಅಂಥದೇ ಗುಬುಟು ಇರುತ್ತದೆ. ಇದೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ.

ನನಗೆ ಹೆಚ್ಚು ಭರವಸೆ ಮೂಗಿನ ಮೇಲೆ. ನೆಲಕ್ಕೆ ಉದುರಿ ಬಿದ್ದ ಒಂದು ಎಲೆಯನ್ನು ಬೆರಳ ನಡುವೆ ಹಿಸುಕಿ. ರಾಳದ ಘಮ ಬಂದರೆ ಮರ, ಬಾರದಿದ್ದರೆ ಪೊದೆ.

ಬಿಳಿ ಹೂವಿನ ಕ್ಯಾಸಿಯೋಪಿಯ ವಿಷಯದಲ್ಲಿ ಇಷ್ಟೆಲ್ಲ ಕಷ್ಟವಿಲ್ಲ. ಅದರ ಎಲೆ ಸೂಜಿಯೇ ಅಲ್ಲ, 2ರಿಂದ 5 ಮಿಲಿಮೀಟರ್‌ನ ಹುರುಪೆ. ನಾಲ್ಕು ಸಾಲಿನಲ್ಲಿ ಒಂದರ ಮೇಲೊಂದು ಹೊದ್ದುಕೊಂಡು, ಕಾಂಡವೇ ಕಾಣದಂತೆ, ಹೆಣೆದ ಜಡೆಯ ಹಾಗೆ ಇರುತ್ತದೆ.

ಮರಕ್ಕೂ ಬಿಳಿ ಹೆದರ್‌ಗೂ ‘ಮೆರ್ಟೆನ್ಸಿಯಾನಾ’ ಎಂಬ ಒಂದೇ ಹೆಸರು ಏಕೆ?

ಈ ಕತೆ ನನಗೆ ಬಹಳ ಇಷ್ಟ. ಕಾರ್ಲ್ ಹೈನ್ರಿಕ್ ಮೆರ್ಟೆನ್ಸ್ ಎಂಬ ಜರ್ಮನ್ ವೈದ್ಯ, ನಿಸರ್ಗತಜ್ಞ, ‘ಸೆನ್ಯಾವಿನ್’ ಎಂಬ ರಷ್ಯದ ಹಡಗಿನಲ್ಲಿ 1826ರಿಂದ 1829ರವರೆಗೆ ಲೋಕ ಸುತ್ತಿದ. 1827ರಲ್ಲಿ ಆ ಹಡಗು ಅಲಾಸ್ಕಾದ ಸಿಟ್ಕಾದಲ್ಲಿ ಲಂಗರು ಹಾಕಿತು. ಅಲಾಸ್ಕಾ ಆಗ ರಷ್ಯದ ಕೈಯಲ್ಲಿತ್ತು. ಸಿಟ್ಕಾದಲ್ಲಿ ಸಮುದ್ರದ ದಡದಿಂದಲೇ ಬೆಟ್ಟ ಏಳುತ್ತದೆ. ಮೆರ್ಟೆನ್ಸ್ ಅಲ್ಲಿ ಸಂಗ್ರಹಿಸಿದ ಗಿಡಗಳು ಸೇಂಟ್ ಪೀಟರ್ಸ್‌ಬರ್ಗ್ ತಲುಪಿದವು. ಸಸ್ಯವಿಜ್ಞಾನಿ ಬೊಂಗಾರ್ಡ್ ಅವನ್ನು ವರ್ಣಿಸುವಾಗ ಮರಕ್ಕೂ ಪೊದೆಗೂ ಸಂಗ್ರಹಿಸಿದವನ ಹೆಸರನ್ನೇ ಇಟ್ಟ. ಮರ ಆಗ ಪೈನ್ ಎಂದು, ಪೊದೆ ಆಂಡ್ರೋಮಿಡಾ ಎಂದು ದಾಖಲಾದವು. ಕುಲದ ಹೆಸರು ಆಮೇಲೆ ಬದಲಾಯಿತು, ಮೆರ್ಟೆನ್ಸ್ ಹೆಸರು ಹಾಗೇ ಉಳಿಯಿತು.

ಆತ ಹೆಚ್ಚು ದಿನ ಬದುಕಲಿಲ್ಲ. 1830ರಲ್ಲಿ, ಮೂವತ್ತನಾಲ್ಕರ ವಯಸ್ಸಿಗೇ ತೀರಿಹೋದ. ಇಂದು ಆ ಬೆಟ್ಟಗಳಲ್ಲಿ ಒಂದು ಮರದ ಬುಡದಲ್ಲಿ ಕುಳಿತು ಕೈಚಾಚಿದರೆ ಅದೇ ಹೆಸರಿನ ಪೊದೆ ಬೆರಳಿಗೆ ಸಿಗುತ್ತದೆ.

ಆಂಡ್ರೋಮಿಡಾ, ಕ್ಯಾಸಿಯೋಪಿ ಎಂಬವು ಗ್ರೀಕ್ ಪುರಾಣದ ಹೆಸರುಗಳು. ಅಲ್ಲಿ ಕ್ಯಾಸಿಯೋಪಿ ತಾಯಿ, ಆಂಡ್ರೋಮಿಡಾ ಮಗಳು. ಫಿಲೊಡೋಸಿ ಒಬ್ಬ ಸಮುದ್ರಕನ್ಯೆ.

ಇವೆರಡೂ ಎಷ್ಟು ದೂರದ ಸಂಬಂಧಿಗಳು?

ಬಹಳ ದೂರ. ಹೆಮ್ಲಾಕ್ ಅನಾವೃತಬೀಜ ಸಸ್ಯ, ಪೈನ್ ಕುಟುಂಬದ್ದು. ಹೆದರ್ ಹೂಬಿಡುವ ಆವೃತಬೀಜ ಸಸ್ಯ. ಇವೆರಡರ ವಂಶ ಬೇರೆಯಾಗಿ 30 ಕೋಟಿ ವರ್ಷಗಳಿಗೂ ಹೆಚ್ಚಾಯಿತು. ಡೈನೋಸಾರ್‌ಗಳು ಬರುವುದಕ್ಕೂ ಮುಂಚಿನ ಮಾತು. ಎಲೆಗಳು ಒಂದೇ ತರಹ ಕಾಣುವುದು ರಕ್ತಸಂಬಂಧದಿಂದಲ್ಲ, ಚಳಿ, ಗಾಳಿ, ಬಡ ಮಣ್ಣು ಎರಡಕ್ಕೂ ಒಂದೇ ಪಾಠ ಕಲಿಸಿದ್ದರಿಂದ: ಎಲೆ ಸಣ್ಣದಿರಲಿ, ದಪ್ಪಗಿರಲಿ, ಪ್ರತಿ ವರ್ಷ ಉದುರದಿರಲಿ.

ಹೂವು, ಕಾಯಿ, ಬೀಜಗಳಲ್ಲಿ ಏನು ವ್ಯತ್ಯಾಸ?

ಹೆಮ್ಲಾಕ್‌ಗೆ ಹೂವಿಲ್ಲ. ಗಂಡು ಶಂಕುಗಳಿಂದ ಪರಾಗ ಗಾಳಿಗೆ ಹಾರುತ್ತದೆ. ಹೆಣ್ಣು ಶಂಕುಗಳು ಎಳೆಯವಿದ್ದಾಗ ಸಾಮಾನ್ಯವಾಗಿ ಕಡು ನೇರಳೆ, ಮಾಗಿದಾಗ ಕಂದು, ಉದ್ದ 3ರಿಂದ 8 ಸೆಂಟಿಮೀಟರ್. ತುದಿರೆಂಬೆಗಳಿಂದ ಕೆಳಕ್ಕೆ ಜೋತುಬಿದ್ದಿರುತ್ತವೆ. ಹೆಮ್ಲಾಕ್ ಕುಲದಲ್ಲಿ ಇಷ್ಟು ದೊಡ್ಡ ಶಂಕು ಬೇರೆ ಯಾವುದಕ್ಕೂ ಇಲ್ಲ. ನೋಡಲು ಸ್ಪ್ರೂಸ್ ಮರದ ಶಂಕುವಿನಂತಿರುವುದರಿಂದ ಈ ಮರ ಸ್ಪ್ರೂಸ್ ಮತ್ತು ಹೆಮ್ಲಾಕ್‌ಗಳ ಮಿಶ್ರತಳಿ ಇರಬಹುದೆಂದೂ ಒಂದು ಕಾಲದಲ್ಲಿ ವಾದವಿತ್ತು, ಆ ವಾದ ನಿಲ್ಲಲಿಲ್ಲ. ಬೀಜಕ್ಕೆ ತೆಳು ರೆಕ್ಕೆ ಇದೆ, ಗಾಳಿ ಬಂದಾಗ ದೂರ ಹೋಗುತ್ತದೆ.

ಹೆದರ್‌ನ ಕೆಲಸವೆಲ್ಲ ದುಂಬಿಗಳ ಜೊತೆ. ಗುಲಾಬಿ ಗಂಟೆಗಳು ತಲೆ ಬಾಗಿಸಿ ತೂಗುತ್ತವೆ, ಮಳೆ ಬಂದರೂ ಒಳಗಿನ ಪರಾಗ ನೆನೆಯುವುದಿಲ್ಲ. ಈ ಕುಟುಂಬದ ಪರಾಗಕೋಶಗಳು ಸೀಳಿಕೊಳ್ಳುವುದಿಲ್ಲ, ತುದಿಯಲ್ಲಿ ಉಪ್ಪಿನ ಡಬ್ಬಿಯ ಮುಚ್ಚಳದ ಹಾಗೆ ಸಣ್ಣ ತೂತುಗಳಿರುತ್ತವೆ. ಕಂಬಳಿ ಮೈಯ ಬಂಬಲ್‌ಬೀ ದುಂಬಿ ಹೂವಿಗೆ ಜೋತುಬಿದ್ದು ಅಲುಗಿಸಿದಾಗ ಪರಾಗ ಅದರ ಮೈಮೇಲೆ ಉದುರುತ್ತದೆ.

ಇದಾದ ಮೇಲಿನದನ್ನು ಬಹಳ ಜನ ಗಮನಿಸುವುದಿಲ್ಲ. ಹೂವು ಬಿದ್ದ ಮೇಲೆ ಬಾಗಿದ್ದ ತೊಟ್ಟು ನಿಧಾನವಾಗಿ ನೆಟ್ಟಗಾಗುತ್ತದೆ. ಹೂವಾಗಿದ್ದಾಗ ನೆಲ ನೋಡುತ್ತಿದ್ದದ್ದು ಕಾಯಿಯಾದಾಗ ಆಕಾಶ ನೋಡುತ್ತದೆ. ಒಣಗಿದ ಕಾಯಿ ಮೇಲ್ಗಡೆಯಿಂದ ಬಿರಿಯುತ್ತದೆ, ಗಾಳಿ ತೊಟ್ಟನ್ನು ಅಲ್ಲಾಡಿಸಿದಾಗಲೆಲ್ಲ ಧೂಳಿನಷ್ಟು ಸಣ್ಣ ಬೀಜಗಳು ಸ್ವಲ್ಪ ಸ್ವಲ್ಪವೇ ಚೆಲ್ಲುತ್ತವೆ. ಬಿಳಿ ಹೆದರ್‌ನದೂ ಇದೇ ರೀತಿ. ಅದರ ಬಿಳಿ ಗಂಟೆಯ ತಲೆಯ ಮೇಲೆ ಕೆಂಪು ಪುಷ್ಪಪತ್ರಗಳು ಟೊಪ್ಪಿಗೆಯಂತೆ ಕೂತಿರುತ್ತವೆ.

ಹಿಮವನ್ನು ಎರಡೂ ಹೇಗೆ ಎದುರಿಸುತ್ತವೆ?

ಎಷ್ಟು ಹಿಮದ ಮಾತು ಇದು ಅನ್ನುವುದು ಮೊದಲು ತಿಳಿದಿರಲಿ. ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್ ಪರ್ವತದಲ್ಲಿರುವ ಪ್ಯಾರಡೈಸ್ ಎಂಬಲ್ಲಿ 1971–72ರ ಒಂದು ಋತುವಿನಲ್ಲಿ ಬಿದ್ದ ಹಿಮ ಒಟ್ಟು 28.5 ಮೀಟರ್. ಅದೇ ರಾಜ್ಯದ ಮೌಂಟ್ ಬೇಕರ್‌ನ ಸ್ಕೀ ತಾಣದಲ್ಲಿ 1998–99ರಲ್ಲಿ ಸುಮಾರು 29 ಮೀಟರ್ ಬಿದ್ದು ಆ ದಾಖಲೆಯೂ ಮುರಿಯಿತು. ಬಿದ್ದದ್ದೆಲ್ಲ ಒಟ್ಟಿಗೆ ನಿಂತಿರುವುದಿಲ್ಲ, ಕುಗ್ಗುತ್ತದೆ, ಕರಗುತ್ತದೆ. ಆದರೂ ನೆಲದ ಮೇಲೆ ಹಲವು ಮೀಟರ್ ದಪ್ಪದ ಹಿಮ ಬೇಸಿಗೆಯವರೆಗೂ ಕೂತಿರುತ್ತದೆ. ಈ ಎರಡೂ ಜಾಗ ಹೆಮ್ಲಾಕ್ ಮತ್ತು ಹೆದರ್‌ಗಳ ತವರು.

ಮರದ ಉಪಾಯ ಬಾಗುವುದು. ಹೆಮ್ಲಾಕ್‌ನ ರೆಂಬೆಗಳು ಮೆದು. ನೆತ್ತಿಯ ಕುಡಿಯೂ ನೆಟ್ಟಗೆ ನಿಲ್ಲದೆ ತುಸು ಜೋಲುತ್ತದೆ. ಹಿಮ ಕೂತಾಗ ರೆಂಬೆ ಕೆಳಗಿಳಿಯುತ್ತದೆ, ಭಾರ ಹೆಚ್ಚಾದಾಗ ಹಿಮ ಜಾರಿ ಬೀಳುತ್ತದೆ, ರೆಂಬೆ ಮತ್ತೆ ಮೇಲೇಳುತ್ತದೆ. ಎಳೆಯ ಮರಗಳಂತೂ ಪೂರ್ತಿ ಬಗ್ಗಿ, ನೆಲಕ್ಕೆ ತಲೆಯಿಟ್ಟು, ಹಿಮದಡಿ ಚಳಿಗಾಲ ಕಳೆದು, ಕರಗಿದ ಮೇಲೆ ಎದ್ದು ನಿಲ್ಲುತ್ತವೆ. ಇಳಿಜಾರಿನಲ್ಲಿ ಹಿಮದ ರಾಶಿ ನಿಧಾನವಾಗಿ ಕೆಳಕ್ಕೆ ಸರಿಯುತ್ತಿರುತ್ತದೆ. ವರ್ಷ ವರ್ಷವೂ ಅದು ಬುಡವನ್ನು ತಳ್ಳಿದ್ದರಿಂದ ಎಷ್ಟೋ ಹಳೆಯ ಮರಗಳ ಬುಡ ಕೊಡೆಯ ಹಿಡಿಯಂತೆ ಬಾಗಿ ಆಮೇಲೆ ನೆಟ್ಟಗಾಗಿರುತ್ತದೆ. ಬೇಸಿಗೆಯಲ್ಲಿ ಆ ಬಾಗು ಕಂಡರೆ ಅಲ್ಲಿ ಚಳಿಗಾಲ ಹೇಗಿತ್ತು ಎಂದು ಯಾರನ್ನೂ ಕೇಳಬೇಕಿಲ್ಲ.

ಪೊದೆಗೆ ಹಿಮ ಹೊದಿಕೆ. ಹೊರಗೆ ಎಷ್ಟೇ ಕೊರೆಯುವ ಚಳಿ ಇರಲಿ, ದಪ್ಪ ಹಿಮದಡಿ ನೆಲದ ಹತ್ತಿರ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಒಣಗಾಳಿ ತಾಗುವುದಿಲ್ಲ, ಹಾರಿಬರುವ ಹಿಮದ ಹರಳು ಎಲೆ ಸವೆಸುವುದಿಲ್ಲ. ಹೆದರ್‌ಗೆ ಅಪಾಯ ಹಿಮದಿಂದಲ್ಲ, ಹಿಮ ಇಲ್ಲದಿರುವುದರಿಂದ. ಗಾಳಿ ಹಿಮವನ್ನೆಲ್ಲ ಗುಡಿಸಿಕೊಂಡು ಹೋಗುವ ದಿಬ್ಬದ ನೆತ್ತಿಯಲ್ಲಿ ಗುಲಾಬಿ ಹೆದರ್ ಸಿಗುವುದು ಅಪರೂಪ. ತಗ್ಗಿನಲ್ಲಿ, ಹಿಮ ತಡವಾಗಿ ಕರಗುವಲ್ಲಿ, ಹಾಸಿಕೊಂಡಿರುತ್ತದೆ. ಮೊಗ್ಗುಗಳು ಹಿಂದಿನ ಬೇಸಿಗೆಯಲ್ಲೇ ತಯಾರಾಗಿರುತ್ತವೆ, ಎಲೆಗಳು ಹಸಿರಾಗೇ ಇರುತ್ತವೆ. ಹಿಮ ಸರಿದ ಕೂಡಲೇ ಕೆಲಸ ಶುರು.

ಮರವೇ ಏರಲಾರದ ಎತ್ತರಕ್ಕೆ ಇಷ್ಟು ಚಿಕ್ಕ ಗಿಡ ಹೇಗೆ ಏರುತ್ತದೆ?

ಚಿಕ್ಕದಾಗಿರುವುದರಿಂದಲೇ. ಮರ ಗಾಳಿಯಲ್ಲಿ ನಿಂತಿರುತ್ತದೆ, ಗಾಳಿ ಎಷ್ಟು ತಣ್ಣಗಿದೆಯೋ ಅದರ ಕೊಂಬೆಯೂ ಅಷ್ಟೇ ತಣ್ಣಗೆ. ಲೋಕದ ಬೇರೆ ಬೇರೆ ಪರ್ವತಗಳಲ್ಲಿ ಅಳೆದು ನೋಡಿದಾಗ, ಬೆಳೆಯುವ ಋತುವಿನ ಸರಾಸರಿ ಉಷ್ಣತೆ ಸುಮಾರು 6ರಿಂದ 7 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವಲ್ಲಿ ಮರಗಳ ಗಡಿ ಮುಗಿಯುತ್ತದೆ. ಅಂಥ ತಂಪಿನಲ್ಲಿ ಎಲೆ ಆಹಾರ ತಯಾರಿಸಬಲ್ಲದು, ಆದರೆ ಆ ಆಹಾರದಿಂದ ಹೊಸ ಕಟ್ಟಿಗೆ ಕಟ್ಟುವ ಕೆಲಸ ನಿಂತೇ ಹೋಗುತ್ತದೆ.

ಹೆದರ್ ಪೊದೆ ನೆಲಕ್ಕೆ ಒತ್ತಿಕೊಂಡು, ರೆಂಬೆಗೆ ರೆಂಬೆ ಹೆಣೆದುಕೊಂಡು, ಒಳಗೆ ಗಾಳಿ ಆಡದಂತೆ ಮಾಡಿಕೊಂಡಿರುತ್ತದೆ. ಬಿಸಿಲು ಬಿದ್ದಾಗ ಆ ಪೊದೆಯೊಳಗಿನ ಶಾಖ ಹೊರಗಿನ ಗಾಳಿಗಿಂತ ಎಷ್ಟೋ ಹೆಚ್ಚು. ಒಂದೇ ಇಳಿಜಾರಿನಲ್ಲಿ, ಒಂದೇ ಮಧ್ಯಾಹ್ನ, ಮರ ಮತ್ತು ಪೊದೆ ಎರಡು ಬೇರೆ ಹವಾಮಾನಗಳಲ್ಲಿ ಬದುಕುತ್ತಿರುತ್ತವೆ.

ಹಾಗಾದರೆ ಮರವೂ ಗಿಡ್ಡವಾಗಿಬಿಟ್ಟರೆ ಆಯಿತಲ್ಲ?

ಆಗುತ್ತದೆ! ಗಡಿಯ ಹತ್ತಿರ ಮೌಂಟನ್ ಹೆಮ್ಲಾಕ್ ಸೊಂಟದೆತ್ತರದ ತಿರುಚಿದ ಪೊದೆಯಾಗಿ ಬೆಳೆಯುತ್ತದೆ. ಇಂಥ ಕುಬ್ಜ ಮರಗಳಿಗೆ ಕ್ರುಮ್‌ಹೋಲ್ಟ್ಸ್ ಎಂಬ ಜರ್ಮನ್ ಹೆಸರಿದೆ, ಬಾಗಿದ ಕಟ್ಟಿಗೆ ಎಂದರ್ಥ. ಹಿಮದ ಭಾರಕ್ಕೆ ನೆಲ ಮುಟ್ಟಿದ ಕೆಳರೆಂಬೆಗಳು ಅಲ್ಲೇ ಬೇರು ಬಿಟ್ಟು ಹೊಸ ಕಾಂಡವಾಗುತ್ತವೆ. ಹೆದರ್ ಕೂಡ ಮಲಗಿದ ಕಾಂಡದಿಂದ ಬೇರು ಬಿಟ್ಟು ಹರಡುತ್ತದೆ. ಅಂಥ ಜಾಗದಲ್ಲಿ ಎರಡರ ಬದುಕೂ ಒಂದೇ ರೀತಿಗೆ ಬಂದಿರುತ್ತದೆ, ಹೋಲಿಕೆ ಅತ್ಯಂತ ಹತ್ತಿರ ಬರುವುದು ಅಲ್ಲೇ.

ಮಣ್ಣು, ಬೇರುಗಳ ವಿಷಯದಲ್ಲಿ?

ಎರಡಕ್ಕೂ ಹುಳಿ ಮಣ್ಣು ಒಗ್ಗುತ್ತದೆ. ಬೇರುಗಳ ಜೊತೆ ಬದುಕುವ ಶಿಲೀಂಧ್ರಗಳು ಮಾತ್ರ ಬೇರೆ ಬೇರೆ. ಹೆಮ್ಲಾಕ್‌ನ ಬೇರಿನ ತುದಿಗೆ ಶಿಲೀಂಧ್ರ ಕೈಗವಸಿನ ಬೆರಳಿನಂತೆ ಹೊರಗಿನಿಂದ ತೊಡಿಸಿಕೊಂಡಿರುತ್ತದೆ, ಬೇರಿನ ಜೀವಕೋಶಗಳ ಸಂದಿಗೆ ಇಳಿದರೂ ಕೋಶದ ಒಳಗೆ ಹೊಗುವುದಿಲ್ಲ. ಹೆದರ್‌ನ ಬೇರುಗಳು ಕೂದಲಿಗಿಂತ ತೆಳು, ಶಿಲೀಂಧ್ರ ಅಲ್ಲಿ ಕೋಶದ ಒಳಗೇ ಸುರುಳಿ ಸುತ್ತಿಕೊಂಡಿರುತ್ತದೆ. ಅರ್ಧ ಕೊಳೆತ ಎಲೆ, ಬೇರುಗಳಲ್ಲಿ ಕಟ್ಟಿಹಾಕಿಕೊಂಡ ಸಾರಜನಕವನ್ನು ಬಿಡಿಸಿ ಗಿಡಕ್ಕೆ ಕೊಡುವುದರಲ್ಲಿ ಈ ಶಿಲೀಂಧ್ರ ಗಟ್ಟಿಗ. ತಂಪಿನಿಂದಾಗಿ ಕೊಳೆಯುವಿಕೆಯೇ ನಿಧಾನವಾಗಿರುವ ಎತ್ತರದಲ್ಲಿ ಇದು ದೊಡ್ಡ ಅನುಕೂಲ.

ಯಾವುದಕ್ಕೆ ಆಯಸ್ಸು ಹೆಚ್ಚು?

ಮರದ ಉಂಗುರ ಎಣಿಸಿ ಹೇಳಬಹುದು: 400–500 ವರ್ಷದ ಮೌಂಟನ್ ಹೆಮ್ಲಾಕ್‌ಗಳು ಅಪರೂಪವಲ್ಲ, 800 ದಾಟಿದವೂ ಇವೆ. ಹೆದರ್ ಹಾಸಿನಲ್ಲಿ ಹಳೆಯ ಕಾಂಡ ಸಾಯುತ್ತಿರುವಾಗಲೇ ಪಕ್ಕದಲ್ಲಿ ಅದೇ ಗಿಡದ ಹೊಸ ಕಾಂಡ ಬೇರೂರಿರುತ್ತದೆ, ಹಾಗಾಗಿ ‘ಈ ಗಿಡ ಹುಟ್ಟಿದ್ದು ಯಾವಾಗ’ ಎಂಬ ಪ್ರಶ್ನೆಗೇ ಹಿಡಿ ಸಿಗುವುದಿಲ್ಲ. ಪೆನ್ಸಿಲ್ ದಪ್ಪದ ಒಂದು ಕಾಂಡಕ್ಕೇ ದಶಕಗಳ ವಯಸ್ಸಾಗಿರುತ್ತದೆ ಎಂಬುದನ್ನಂತೂ ಮರೆಯಬೇಡಿ.

ಒಂದರಿಂದ ಇನ್ನೊಂದಕ್ಕೆ ಉಪಕಾರವೋ, ತೊಂದರೆಯೋ?

ಎರಡೂ, ಕಾಲಕ್ಕೆ ತಕ್ಕಂತೆ. ಬಯಲಿನಲ್ಲಿ ಹೆಮ್ಲಾಕ್‌ಗಳು ಹೆಚ್ಚಾಗಿ ಒಂಟಿಯಾಗಿರುವುದಿಲ್ಲ, ಸಬ್‌ಆಲ್ಪೈನ್ ಫರ್ ಮರಗಳ ಜೊತೆ ಗುಂಪುಗೂಡಿ ದ್ವೀಪಗಳಂತೆ ನಿಂತಿರುತ್ತವೆ. ಕಡುಬಣ್ಣದ ಕಾಂಡ, ಎಲೆಗಳು ಬಿಸಿಲನ್ನು ಹೀರಿ ಸುತ್ತಲಿನ ಹಿಮವನ್ನು ಬೇಗ ಕರಗಿಸುತ್ತವೆ. ಬೇಸಿಗೆಯ ಆರಂಭದಲ್ಲಿ ಪ್ರತಿ ಗುಂಪಿನ ಬುಡದಲ್ಲೂ ಬಾವಿಯಂಥ ಕುಳಿ ಕಾಣುತ್ತದೆ. ಬೇಗ ತೆರೆದ ಆ ನೆಲದಲ್ಲಿ ಮುಂದಿನ ಸಸಿ ಬೇರೂರುತ್ತದೆ, ದ್ವೀಪ ಅಂಚಿನಿಂದ ಹೊರಕ್ಕೆ ಹಿಗ್ಗುತ್ತದೆ. ಚಳಿಗಾಲದ ಮಧ್ಯದಲ್ಲಿ ಇದೇ ಕುಳಿಗಳು ಸಡಿಲ ಹಿಮದಿಂದ ಮುಚ್ಚಿಕೊಂಡಿರುತ್ತವೆ. ಸ್ಕೀ ಮಾಡುವವರು ತಲೆಕೆಳಗಾಗಿ ಬಿದ್ದು ಉಸಿರುಕಟ್ಟಿ ಸತ್ತದ್ದಿದೆ. ಮರದ ಬುಡಕ್ಕೆ ತೀರ ಹತ್ತಿರ ಹೋಗಬೇಡಿ, ಒಬ್ಬರೇ ಹೋಗಬೇಡಿ.

ಹೆದರ್ ಹಾಸು ಸಾಮಾನ್ಯವಾಗಿ ಸಸಿಗಳಿಗೆ ಕಷ್ಟದ ಜಾಗ, ಏಕೆಂದರೆ ಅಲ್ಲಿ ಹಿಮ ತಡವಾಗಿ ಕರಗುತ್ತದೆ. ಆದರೆ ಕಡಿಮೆ ಹಿಮದ ವರ್ಷಗಳು ಸಾಲಾಗಿ ಬಂದರೆ ಲೆಕ್ಕ ತಿರುಗುತ್ತದೆ. 1920ರಿಂದ 1940ರ ನಡುವಿನ ಬೆಚ್ಚಗಿನ, ಒಣ ವರ್ಷಗಳಲ್ಲಿ ಮೌಂಟ್ ರೇನಿಯರ್‌ನ ಹೆದರ್ ಬಯಲುಗಳಿಗೆ ಮರಗಳು ದಂಡಿಯಾಗಿ ನುಗ್ಗಿದವು. ಇಂದು ಅಲ್ಲಿ ಒಂದೇ ವಯಸ್ಸಿನವರಂತೆ ಕಾಣುವ ಮರಗಳ ಗುಂಪು ಕಂಡರೆ ಆ ವರ್ಷಗಳನ್ನು ನೆನೆಯಿರಿ. ಒಮ್ಮೆ ಮರ ನೆರಳು ಹಾಕಿದ ಮೇಲೆ ಹೆದರ್ ತೆಳುವಾಗುತ್ತದೆ.

ಹವಾಮಾನ ಬದಲಾದರೆ ಯಾರಿಗೆ ಲಾಭ?

ಮೇಲಿನ ಉತ್ತರದಲ್ಲೇ ಸುಳಿವಿದೆ. ಹಿಮ ಬೇಗ ಕರಗಿದಷ್ಟೂ ಮರಕ್ಕೆ ಹೊಸ ನೆಲ ಸಿಗುತ್ತದೆ, ಹೆದರ್‌ಗೆ ನೆಲ ತಪ್ಪುತ್ತದೆ. ಹೆದರ್ ಮೇಲಕ್ಕೆ ಸರಿಯಬಹುದಲ್ಲ ಅನ್ನುತ್ತಾರೆ. ಮೇಲೆ ಇರುವುದು ಕಲ್ಲು, ಹೊಸದಾಗಿ ಹಿಮನದಿ ಬಿಟ್ಟುಹೋದ ಜಲ್ಲಿ. ಹುಳಿ ಮಣ್ಣು ಕಟ್ಟಲು ಶತಮಾನಗಳು ಬೇಕು. ಮರಕ್ಕೂ ಎಲ್ಲ ಕಡೆ ಲಾಭವೇ ಅಲ್ಲ, ದಕ್ಷಿಣದ ಒಣ ಬೆಟ್ಟಗಳಲ್ಲಿ ಹಿಮದ ನೀರೇ ಅದಕ್ಕೆ ಬೇಸಿಗೆಯ ಆಸರೆ. ನನ್ನ ಚಿಂತೆ ಮಾತ್ರ ಹೆಚ್ಚು ಪೊದೆಯ ಬಗ್ಗೆಯೇ, ಅದು ಹೋದರೆ ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ರೋಗಗಳೇನು?

ಹಿಮ ಕರಗಿದ ಹೊಸತರಲ್ಲಿ ಹೆಮ್ಲಾಕ್‌ನ ಕೆಳರೆಂಬೆಗಳನ್ನು ನೋಡಿ. ಕೆಲವು ಕಡೆ ಸೂಜಿಗಳು ಕಂದು-ಕಪ್ಪು ಉಣ್ಣೆಯಂಥ ಪದರದಲ್ಲಿ ಒಂದಕ್ಕೊಂದು ಅಂಟಿಕೊಂಡು ಸತ್ತಿರುತ್ತವೆ. ಹಿಮದಡಿಯ ಕತ್ತಲಲ್ಲಿ, ಸೊನ್ನೆ ಡಿಗ್ರಿಯಲ್ಲಿ ಬೆಳೆಯುವ ಹರ್ಪೊಟ್ರೈಕಿಯಾ ಎಂಬ ಬೂಜು ಅದು. ಹಿಮ ತಡವಾಗಿ ಕರಗುವಲ್ಲಿ ಸಸಿಗಳು ಉಳಿಯದಿರಲು ಇದೂ ಒಂದು ಕಾರಣ. ಒರೆಗಾನ್‌ನ ಎತ್ತರದ ಕಾಡುಗಳಲ್ಲಿ ಬೇರು ಕೊಳೆಯುವ ಇನ್ನೊಂದು ಶಿಲೀಂಧ್ರ ಬೇರಿನಿಂದ ಬೇರಿಗೆ ಹಬ್ಬಿ, ದುಂಡಗಿನ ಬಯಲಾಗುವಷ್ಟು ಹೆಮ್ಲಾಕ್‌ಗಳನ್ನು ಸಾಯಿಸುತ್ತದೆ.

ಹೆದರ್ ಮೇಲೆ ಒಂದು ಹೆಜ್ಜೆ ಇಟ್ಟರೆ ಅಷ್ಟೊಂದು ಹಾನಿಯೇ?

ಹೌದು. ಹುಲ್ಲು ತುಳಿದರೆ ಬಾಗಿ ಏಳುತ್ತದೆ, ಏಕೆಂದರೆ ಅದು ಬುಡದಿಂದ ಬೆಳೆಯುವ ಗಿಡ. ಹೆದರ್‌ನದು ಕಟ್ಟಿಗೆಯ ಕಾಂಡ, ಮೊಗ್ಗುಗಳೆಲ್ಲ ರೆಂಬೆಯ ತುದಿಯಲ್ಲಿ. ಬೂಟಿನಡಿ ಅದು ಬಾಗುವುದಿಲ್ಲ, ಮುರಿಯುತ್ತದೆ. ಮುರಿದದ್ದು ಅಂದೇ ಗೊತ್ತಾಗುವುದೂ ಇಲ್ಲ. ಎಲೆ ಕೆಲವು ವಾರ ಹಸಿರಾಗೇ ಇರುತ್ತದೆ, ಮುಂದಿನ ವರ್ಷ ಬಂದವರಿಗೆ ಬೂದು ಬಣ್ಣದ ಒಣ ಪಟ್ಟಿ ಕಾಣುತ್ತದೆ. ಅದನ್ನು ಕಾಲುದಾರಿ ಅಂದುಕೊಂಡು ಅವರೂ ಅದರ ಮೇಲೇ ನಡೆಯುತ್ತಾರೆ. ಬೆಳೆಯುವ ಕಾಲ ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ ಇರುವ ಜಾಗದಲ್ಲಿ ಆ ಪಟ್ಟಿ ಮತ್ತೆ ತುಂಬಲು ಹಲವಾರು ವರ್ಷ ಹಿಡಿಯುತ್ತದೆ.

ದಾರಿ ಕೆಸರಾಗಿದ್ದರೆ ಕೆಸರಿನಲ್ಲೇ ನಡೆಯಿರಿ. ದಾರಿಯ ಮೇಲೆ ಗಟ್ಟಿ ಹಿಮ ಉಳಿದಿದ್ದರೆ ಹಿಮದ ಮೇಲೇ ನಡೆಯಿರಿ. ಅಂಚಿನ ಹೆದರ್ ಒಣಗಿ ಬೆಚ್ಚಗಿದೆ, ಕೂರಲು ಮೆತ್ತಗಿದೆ ಅನ್ನಿಸುತ್ತದೆ. ದಯವಿಟ್ಟು ಕೂರಬೇಡಿ, ಪಕ್ಕದಲ್ಲಿ ಬಂಡೆ ಇದ್ದೇ ಇರುತ್ತದೆ.

ತೋಟದಲ್ಲಿ ಬೆಳೆಸಬಹುದೇ?

ಮೌಂಟನ್ ಹೆಮ್ಲಾಕ್ ಆಗುತ್ತದೆ, ಬೇಸಿಗೆ ತಂಪಾಗಿದ್ದು ಮಣ್ಣು ತೇವವಾಗಿದ್ದರೆ. ಬಹಳ ನಿಧಾನ ಬೆಳೆಯುವುದರಿಂದ ಬೋನ್ಸಾಯ್ ಮಾಡುವವರಿಗೆ ಅಚ್ಚುಮೆಚ್ಚು. ಮೌಂಟನ್ ಹೆದರ್ ಪಳಗುವ ಗಿಡವಲ್ಲ. ಬೇರು ಸದಾ ತಂಪಾಗಿರಬೇಕು, ಮಣ್ಣು ಹುಳಿಯಾಗಿರಬೇಕು, ನೀರು ನಿಲ್ಲಬಾರದು, ಒಣಗಲೂಬಾರದು. ಹೆದರ್ ಬೇಕೇ ಬೇಕು ಅನ್ನುವವರಿಗೆ ನರ್ಸರಿಯ ಕಲ್ಲೂನಾ ಸುಲಭ. ಬೆಟ್ಟದಿಂದ ಕಿತ್ತು ತರುವ ಯೋಚನೆ ಬೇಡ. ಬೇರಿನ ಶಿಲೀಂಧ್ರ ಹರಿದುಹೋದ ಮೇಲೆ ಅದು ಬದುಕುವುದು ಕಷ್ಟ, ರಾಷ್ಟ್ರೀಯ ಉದ್ಯಾನಗಳಲ್ಲಂತೂ ಕೀಳುವುದು ಕಾನೂನಿಗೆ ವಿರುದ್ಧ.

ಹೆದರ್ ಎಲೆ ಹಾಕಿ ಚಹಾ ಮಾಡಬಹುದೇ?

ಬೇಡ. ಇದೇ ಕುಟುಂಬದ ರೋಡೋಡೆಂಡ್ರಾನ್ ಮುಂತಾದ ಗಿಡಗಳಲ್ಲಿ ವಿಷವಿದೆ. ಕಣ್ಣಂದಾಜಿನ ಮೇಲೆ ಪ್ರಯೋಗ ಮಾಡುವ ಕುಟುಂಬವಲ್ಲ ಇದು.

ತಗ್ಗಿನ ಕಾಡಿನ ವೆಸ್ಟರ್ನ್ ಹೆಮ್ಲಾಕ್‌ಗೂ ಇದಕ್ಕೂ ಏನು ವ್ಯತ್ಯಾಸ?

ವೆಸ್ಟರ್ನ್ ಹೆಮ್ಲಾಕ್‌ನ ಸೂಜಿಗಳು ಉದ್ದ ಗಿಡ್ಡ ಬೆರೆತು, ರೆಂಬೆಯ ಎರಡು ಬದಿಗೆ ಚಪ್ಪಟೆಯಾಗಿ ಹರಡಿರುತ್ತವೆ. ಶಂಕು ಹೆಬ್ಬೆರಳ ತುದಿಯಷ್ಟು. ನಕ್ಷತ್ರದಂಥ ರೆಂಬೆ, ಬೆರಳುದ್ದದ ಶಂಕು ಕಂಡರೆ ಮೌಂಟನ್ ಹೆಮ್ಲಾಕ್.

ಬೇರೆ ಪರ್ವತಗಳಲ್ಲೂ ಇಂಥ ಜೋಡಿಗಳಿವೆಯೇ?

ಇವೆ. ಜಪಾನಿನ ಎತ್ತರದ ಬೆಟ್ಟಗಳಲ್ಲಿ ನೆಲಕ್ಕೆ ಒರಗಿ ಬೆಳೆಯುವ ಕುಬ್ಜ ಪೈನ್ ಜೊತೆ ಫಿಲೊಡೋಸಿ, ಕ್ಯಾಸಿಯೋಪಿಗಳ ಅಲ್ಲಿಯ ಜಾತಿಗಳಿವೆ. ಆಲ್ಪ್ಸ್‌ನಲ್ಲಿ ಮುಗೋ ಪೈನ್ ಮತ್ತು ಎರಿಕಾ ಕಾರ್ನಿಯಾ. ಹಿಮಾಲಯದಲ್ಲಿ ಫರ್ ಮರಗಳ ಗಡಿ ದಾಟಿದ ಮೇಲೆ ಕ್ಯಾಸಿಯೋಪಿ ಫಾಸ್ಟಿಗಿಯಾಟಾ ಎಂಬ ಬಿಳಿ ಗಂಟೆಯ ಪೊದೆ ಸಿಗುತ್ತದೆ, ಅದೇ ಜಡೆಯಂಥ ಹುರುಪೆ ಎಲೆಗಳೊಡನೆ.

ಎರಡನ್ನೂ ಒಂದೇ ದಿನ ಹತ್ತಿರದಿಂದ ನೋಡಬೇಕೆಂದರೆ ಎಲ್ಲಿಗೆ, ಯಾವಾಗ ಹೋಗಬೇಕು?

ಮೌಂಟ್ ರೇನಿಯರ್‌ನ ಪ್ಯಾರಡೈಸ್, ಸುಮಾರು 1,650 ಮೀಟರ್ ಎತ್ತರದಲ್ಲಿದೆ, ರಸ್ತೆ ಅಲ್ಲಿಯವರೆಗೂ ಹೋಗುತ್ತದೆ. ಮೌಂಟ್ ಬೇಕರ್ ಪಕ್ಕದ ಹೆದರ್ ಮೆಡೋಸ್ ಹೆಸರಿಗೆ ತಕ್ಕ ಜಾಗ. ಹೆಮ್ಲಾಕ್ ಕಾಡನ್ನೇ ನೋಡಬೇಕೆಂದರೆ ಒರೆಗಾನ್‌ನ ಕ್ರೇಟರ್ ಲೇಕ್ ಅಂಚು. ಜುಲೈ ಕೊನೆಯಿಂದ ಆಗಸ್ಟ್ ನಡುವಿನ ದಿನಗಳು ಒಳ್ಳೆಯವು, ಆದರೆ ಹಿಮ ಹೆಚ್ಚು ಬಿದ್ದ ವರ್ಷ ಎರಡು ಮೂರು ವಾರ ತಡಮಾಡಿ.

ಅಲ್ಲಿ ಹೋದಾಗ ದಾರಿಯ ಪಕ್ಕದಲ್ಲಿ ಇನ್ನೂ ಕರಗುತ್ತಿರುವ ಒಂದು ಹಿಮದ ರಾಶಿ ಹುಡುಕಿ. ಅದರ ಅಂಚಿನಲ್ಲಿ ಹೆದರ್ ಇನ್ನೂ ಒದ್ದೆಯಾಗಿ, ನೆಲಕ್ಕೆ ಒತ್ತಿಕೊಂಡು, ಮೊಗ್ಗು ಬಿಗಿಹಿಡಿದು ಮಲಗಿರುತ್ತದೆ. ಎರಡು ಹೆಜ್ಜೆ ಈಚೆಗೆ ಮೊಗ್ಗು ಕೆಂಪಾಗಿರುತ್ತದೆ. ಇನ್ನೂ ಈಚೆಗೆ ಗಂಟೆಗಳು ತೂಗುತ್ತಿರುತ್ತವೆ, ದುಂಬಿಯ ಸದ್ದು ಕೇಳುತ್ತದೆ. ಮರಗಳ ದ್ವೀಪದ ಬುಡಕ್ಕೆ ಬರುವಷ್ಟರಲ್ಲಿ ಹೂವು ಮುಗಿದು ತೊಟ್ಟು ನೆಟ್ಟಗಾಗಿರುತ್ತದೆ, ಅದರ ಮೇಲೆ ಹೆಮ್ಲಾಕ್‌ನ ನೇರಳೆ ಶಂಕುಗಳು ಜೋತಾಡುತ್ತಿರುತ್ತವೆ.